ಹುಟ್ಟುವ ಮೊದಲೇ ಅಂಕಪಟ್ಟಿ

2025ರ ಕೊನೆಯಲ್ಲಿ ನ್ಯೂಯಾರ್ಕಿನ ಸಬ್‌ವೇ ರೈಲುಗಳಲ್ಲಿ ಒಂದು ಜಾಹೀರಾತು ಕಾಣಿಸಿಕೊಂಡಿತು. ನಿಮ್ಮ ಅತ್ಯುತ್ತಮ ಮಗುವನ್ನೇ ಪಡೆಯಿರಿ ಅನ್ನುವುದು ಅದರ ಸಾರ. ಹಾಕಿಸಿದ್ದು ನ್ಯೂಕ್ಲಿಯಸ್ ಜೀನೋಮಿಕ್ಸ್ ಎಂಬ ಕಂಪನಿ. ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಕಟ್ಟಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಳ್ಳುವ ದಂಪತಿಯ ಭ್ರೂಣಗಳ ಡಿಎನ್‌ಎ ನೋಡಿ, ಯಾವುದಕ್ಕೆ ಸಕ್ಕರೆ ಕಾಯಿಲೆ ಬರುವ ಸಂಭವ ಎಷ್ಟು, ಯಾವುದು ಎತ್ತರ ಬೆಳೆಯಬಹುದು, ಯಾವುದಕ್ಕೆ ಬುದ್ಧಿ ಜಾಸ್ತಿ ಇರಬಹುದು ಅಂತ ಅಂಕ ಕೊಡುವುದು ಅದರ ವ್ಯಾಪಾರ. ಭ್ರೂಣಗಳನ್ನು ಪರೀಕ್ಷಿಸಿ ಅಂಕ ಕೊಡುವ ಆರ್ಕಿಡ್, ಹೆರಾಸೈಟ್ ಎಂಬ ಕಂಪನಿಗಳೂ ಇವೆ. ಆರ್ಕಿಡ್ ಒಂದೊಂದು ಭ್ರೂಣಕ್ಕೆ 2,500 ಡಾಲರ್ ತೆಗೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿ ದಾಟಿತು.

ಈ ಸುದ್ದಿ ಮುಂಬೈ, ಪುಣೆಯ ಕನ್ನಡ ಮನೆಗಳಿಗೆ ಬರುವಷ್ಟರಲ್ಲಿ ‘ಡಿಸೈನರ್ ಮಗು’ ಆಗಿಬಿಟ್ಟಿತ್ತು. ಡೊಂಬಿವಲಿ, ಮುಲುಂಡ್, ಗೋರೆಗಾಂವ್‌ನ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಥಾಣೆಯಿಂದ ಹಿಂಜೇವಾಡಿವರೆಗೆ ಐವಿಎಫ್ ಕ್ಲಿನಿಕ್ಕುಗಳ ಬೋರ್ಡಿಗೂ ಬರ ಇಲ್ಲ. ಹಾಗಾಗಿ ಪ್ರಶ್ನೆಗಳು ಏಳುವುದು ಸಹಜ. ಇದು ಇಲ್ಲೂ ಸಿಗುತ್ತಾ? ಕಾನೂನು ಒಪ್ಪುತ್ತಾ? ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರೇ ಹೇಳುತ್ತಾರಲ್ಲ, ಇದೂ ಅದೇ ಅಲ್ವಾ?

ಅದೇ ಅಲ್ಲ. ಗೊಂದಲದ ಬೇರು ಇರುವುದೇ ಈ ಕೊನೆಯ ಪ್ರಶ್ನೆಯಲ್ಲಿ.

ಒಂದೇ ಜೀನಿನ ಕಾಯಿಲೆ

ಥಲಸ್ಸೀಮಿಯಾ ಒಂದೇ ಜೀನಿನ ತೊಂದರೆ. ಬಹುತೇಕ ಎಲ್ಲ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಇನ್ನೊಂದು ಅಮ್ಮನದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ, ಮನುಷ್ಯ ಆರಾಮಾಗಿರುತ್ತಾನೆ. ಇಂಥವರಿಗೆ ವಾಹಕರು ಅಂತ ಹೆಸರು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನೂರಕ್ಕೆ 25. ಭ್ರೂಣ ಪರೀಕ್ಷಿಸಿದರೆ ಆ ಕೆಟ್ಟ ಪ್ರತಿ ಎರಡೂ ಬಂದಿವೆಯೋ ಇಲ್ಲವೋ ಅಂತ ಹೇಳಬಹುದು. ಉತ್ತರ ಹೌದು ಅಥವಾ ಇಲ್ಲ.

ಈ ಬಗೆಯ ವಿಜ್ಞಾನಕ್ಕೆ ಮುಂಬೈ ಹೊಸತಲ್ಲ. ‘ಬಾಂಬೆ ಗ್ರೂಪ್’ ಎಂಬ ಅಪರೂಪದ ರಕ್ತದ ಗುಂಪನ್ನು 1952ರಲ್ಲಿ ಗುರುತಿಸಿದ್ದು ಇದೇ ಊರಿನಲ್ಲಿ, ವೈ.ಎಂ. ಭೆಂಡೆ ಮತ್ತು ಜೊತೆಗಾರರು. ಸಿಂಧಿ, ಲೋಹಾಣಾ, ಕಚ್ಛಿ ಸಮುದಾಯಗಳಲ್ಲಿ ಥಲಸ್ಸೀಮಿಯಾ ವಾಹಕರು ಜಾಸ್ತಿ ಅನ್ನುವುದೂ ಇಲ್ಲಿನ ಡಾಕ್ಟರುಗಳಿಗೆ ಹಳೇ ವಿಷಯ.

ಕನ್ನಡದ ಹೆಸರು ಕಂಡರೆ ಇಲ್ಲಿನ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳುವುದುಂಟು: ‘ನಾತ್ಯಾತಲಂ ಲಗ್ನ ಆಹೇ ಕಾ?’ ಸಂಬಂಧದಲ್ಲೇ ಮದುವೆಯಾ ಅಂತ. ಮರಾಠಿ ಮನೆಗಳಲ್ಲಿ ಸೋದರಮಾವನ ಮಗಳನ್ನು ತಂದುಕೊಳ್ಳುವುದುಂಟು, ಆದರೆ ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾಗುವುದನ್ನು ಅವರು ಒಪ್ಪುವುದಿಲ್ಲ. ನಮ್ಮಲ್ಲಿ ಎಷ್ಟೋ ಜಾತಿಗಳಲ್ಲಿ ಅದು ನಡೆಯುತ್ತದೆ. ಅಜ್ಜಿಯೊಬ್ಬಳಲ್ಲಿದ್ದ ಒಂದು ಕೆಟ್ಟ ಪ್ರತಿ ಎರಡೂ ಕಡೆಯಿಂದ ಇಳಿದು ಒಂದೇ ಮಗುವಿನಲ್ಲಿ ಸೇರುವ ದಾರಿ ಇದು. ಪ್ರಶ್ನೆ ಸರಿಯಾದದ್ದೇ.

ಆದರೆ ಅರ್ಧ ಮಾತ್ರ ಸರಿ. ‘ನಾವು ಸಂಬಂಧದಲ್ಲಿ ಮಾಡಿಕೊಂಡಿಲ್ಲ, ಬರೀ ನಮ್ಮ ಜಾತಿಯಲ್ಲಿ’ ಅಂತ ಸಮಾಧಾನಪಡುವವರಿಗೂ 2017ರಲ್ಲಿ ಒಂದು ಸುದ್ದಿ ಬಂತು. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದ ಸಂಶೋಧಕರಿಗೆ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದ ಗುರುತು ಬಲವಾಗಿ ಕಂಡಿತು. ಈ ವಿಷಯದಲ್ಲಿ ಜಗತ್ತಿಗೇ ಉದಾಹರಣೆಯಾದ ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿ. ಅಂದರೆ ನೆಂಟಸ್ತಿಕೆ ಇಲ್ಲದ ಇಬ್ಬರು, ಒಂದೇ ಜಾತಿಯವರು ಅನ್ನುವ ಕಾರಣಕ್ಕೇ, ಜೀನಿನ ಲೆಕ್ಕದಲ್ಲಿ ದೂರದ ನೆಂಟರಾಗಿರಬಹುದು. ಜಾತಿಯ ಮ್ಯಾಟ್ರಿಮೋನಿ ಸೈಟುಗಳು ಈ ಅಧ್ಯಯನವನ್ನು ಮುಖಪುಟದಲ್ಲಿ ಹಾಕುವುದಿಲ್ಲ, ಬಿಡಿ.

ಇಷ್ಟು ಒಂದು ಜೀನಿನ ಮಾತು. ಇಲ್ಲಿ ಪರೀಕ್ಷೆಯಿಂದ ನಿಜವಾದ ಉಪಯೋಗ ಇದೆ.

ಅಂಕ ಬರುವುದು ಎಲ್ಲಿಂದ

ಎತ್ತರ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಬುದ್ಧಿ ಹೀಗೆ ಒಂದು ಜೀನಿನಿಂದ ಆಗುವಂಥವಲ್ಲ. ಡಿಎನ್‌ಎಯ ಸಾವಿರಾರು ಜಾಗಗಳಲ್ಲಿ ಚೂರು ಚೂರು ವ್ಯತ್ಯಾಸಗಳಿರುತ್ತವೆ. ಒಂದೊಂದರ ಪರಿಣಾಮವೂ ಸಾಸಿವೆಯಷ್ಟು. ಲಕ್ಷಾಂತರ ಜನರ ಡಿಎನ್‌ಎ ಮತ್ತು ಆರೋಗ್ಯದ ವಿವರಗಳನ್ನು ಪಕ್ಕಪಕ್ಕ ಇಟ್ಟು, ಯಾವ ವ್ಯತ್ಯಾಸ ಇದ್ದವರಲ್ಲಿ ಯಾವ ಲಕ್ಷಣ ಕೊಂಚ ಜಾಸ್ತಿ ಅಂತ ಕಂಪ್ಯೂಟರು ನೋಡುತ್ತದೆ. ಆ ಸಾಸಿವೆಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತವೇ ಅಂಕ. ಪಾಲಿಜೆನಿಕ್ ಸ್ಕೋರ್ ಅಂತ ಇದರ ಹೆಸರು.

ಇಲ್ಲಿ ಹೌದು, ಇಲ್ಲ ಅನ್ನುವ ಉತ್ತರ ಇಲ್ಲ. ಗುಂಪಿನ ಸರಾಸರಿಯಿಂದ ತೆಗೆದ ಊಹೆ ಇದು, ಅಷ್ಟೇ. ಅದರಲ್ಲೂ ಯಾರ ಸರಾಸರಿ? ಇಂಥ ಲೆಕ್ಕಗಳಿಗೆ ಹೆಚ್ಚಾಗಿ ಬಳಸುವ ಬ್ರಿಟನ್ನಿನ ಬಯೋಬ್ಯಾಂಕಿನಲ್ಲಿ ಸುಮಾರು 5 ಲಕ್ಷ ಜನರ ಮಾಹಿತಿ ಇದೆ, ಅವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬಿಳಿಯರು. ಅವರ ಮೇಲೆ ಕಟ್ಟಿದ ಅಂಕ ನಮ್ಮವರಿಗೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ಅವರ ಅಳತೆಗೆ ಹೊಲಿದ ಅಂಗಿ ನಮಗೆ ತೊಡಿಸಿದ ಹಾಗೆ.

ನಮ್ಮದೇ ಜೀನೋಮ್ ಇಂಡಿಯಾ ಯೋಜನೆ ಇದೆಯಲ್ಲ ಅನ್ನಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು, 20 ಸಂಸ್ಥೆಗಳು ಸೇರಿ 10,000 ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದವು. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ದೊಡ್ಡ ಕೆಲಸವೇ. ಆದರೆ 10,000 ಜೀನೋಮ್ ಓದುವುದು ಒಂದು, ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಯಾರಿಗೆ ಯಾವ ಕಾಯಿಲೆ ಬಂತು ಅಂತ ಬರೆದಿಡುವುದು ಇನ್ನೊಂದು. ಅಂಕಕ್ಕೆ ಬೇಕಾಗಿರುವುದು ಎರಡನೆಯದು.

ಇನ್ನೂ ದೊಡ್ಡ ತೊಡಕು ಒಂದಿದೆ, ಅದನ್ನು ಜಾಹೀರಾತು ಹೇಳುವುದಿಲ್ಲ. ಆಯ್ಕೆ ಇರುವುದು ಒಂದೇ ಅಪ್ಪ ಅಮ್ಮನ ಭ್ರೂಣಗಳ ನಡುವೆ. ಇಸ್ಪೀಟಿನ ಒಂದೇ ಕಟ್ಟನ್ನು ಕಲಸಿ ಐದು ಸಲ ಹಂಚಿದ ಹಾಗೆ. ಕಟ್ಟಿನಲ್ಲಿ ಇಲ್ಲದ ಎಲೆ ಎಲ್ಲಿಂದ ಬರಬೇಕು? ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಶೈ ಕಾರ್ಮಿ ಮತ್ತು ಸಂಗಡಿಗರು 2019ರಲ್ಲಿ ಇದನ್ನು ಲೆಕ್ಕ ಹಾಕಿದರು. ಅತಿ ಹೆಚ್ಚು ಅಂಕದ ಭ್ರೂಣವನ್ನೇ ಆರಿಸಿದರೂ ಸಿಗುವ ಸರಾಸರಿ ಲಾಭ ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರ, ಅಥವಾ ಎರಡೂವರೆ ಐಕ್ಯೂ ಅಂಕ. ಆಮೇಲೆ ಅವರು ಮಕ್ಕಳು ಬೆಳೆದು ದೊಡ್ಡವರಾಗಿದ್ದ 28 ದೊಡ್ಡ ಕುಟುಂಬಗಳನ್ನು ನೋಡಿದರು. ಎತ್ತರದ ಅಂಕದಲ್ಲಿ ಮೊದಲು ಬಂದವರೇ ನಿಜವಾಗಿ ಮನೆಯಲ್ಲಿ ಎಲ್ಲರಿಗಿಂತ ಎತ್ತರ ಇದ್ದದ್ದು 7 ಕುಟುಂಬಗಳಲ್ಲಿ ಮಾತ್ರ. 5 ಕುಟುಂಬಗಳಲ್ಲಿ ಅವರು ಮನೆಯ ಸರಾಸರಿಗಿಂತಲೂ ಗಿಡ್ಡ.

ಕಾಯಿಲೆಗಳ ವಿಷಯದಲ್ಲಿ ಅಂಕಿಗಳು ಇನ್ನಷ್ಟು ಮೋಸ ಮಾಡುತ್ತವೆ. ‘ಅಪಾಯ ಅರ್ಧಕ್ಕೆ ಇಳಿಯುತ್ತದೆ’ ಅಂದರೆ ಭಾರಿ ಅನ್ನಿಸುತ್ತದೆ. ಕಾಯಿಲೆ ನೂರರಲ್ಲಿ ಒಬ್ಬರಿಗೆ ಬರುವಂಥದ್ದಾದರೆ ಅದು ಇನ್ನೂರರಲ್ಲಿ ಒಬ್ಬರಿಗೆ ಇಳಿಯಿತು ಅಂತ ಅರ್ಥ. ಆ ಇನ್ನೂರರಲ್ಲಿ 198 ಮಂದಿಗೆ ಕಾಯಿಲೆ ಹೇಗೂ ಬರುತ್ತಿರಲಿಲ್ಲ, ಆಯ್ಕೆಯಿಂದ ತಪ್ಪಿದ್ದು ಒಬ್ಬರಿಗೆ ಮಾತ್ರ. ಜೊತೆಗೆ ಒಂದೇ ಜೀನು ಹತ್ತು ಕಡೆ ಕೈಯಾಡಿಸುತ್ತದೆ. ಹೆಚ್ಚು ವರ್ಷ ಓದುವುದಕ್ಕೂ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಗೂ ಜೀನಿನ ಮಟ್ಟದಲ್ಲಿ ಕೊಂಚ ನಂಟಿದೆ ಅಂತ ಅಧ್ಯಯನಗಳು ತೋರಿಸಿವೆ. ಒಂದು ಕಡೆ ಅಂಕ ಏರಿಸಲು ಹೋದರೆ ಇನ್ನೊಂದು ಕಡೆ ಏನು ಏರುತ್ತದೋ!

ಮುಂಬೈ, 1986

ಹಾಗಾದರೆ ಕೆಲಸ ಮಾಡದ ಸರಕಿಗೆ ಯಾಕಿಷ್ಟು ಚಿಂತೆ, ತಾನಾಗಿಯೇ ಮೂಲೆ ಸೇರುತ್ತದೆ ಬಿಡಿ, ಅನ್ನುವವರಿದ್ದಾರೆ. ಆಸೆ ದೊಡ್ಡದಾಗಿದ್ದರೆ ಸರಕು ಮೂಲೆ ಸೇರುವುದಿಲ್ಲ. ಇದಕ್ಕೆ ಮುಂಬೈಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಐವಿಎಫ್ ಮಗುವೊಂದು ಹುಟ್ಟಿತು. ಡಾ. ಇಂದಿರಾ ಹಿಂದುಜಾ ಅವರ ತಂಡದ ಕೆಲಸ. ವೈಜ್ಞಾನಿಕ ದಾಖಲೆ ಇರುವ ದೇಶದ ಮೊದಲ ಪ್ರಣಾಳ ಶಿಶು ಅಂತ ಊರೆಲ್ಲ ಹಬ್ಬ ಮಾಡಿತು. ಅದೇ ವರ್ಷ, ಅದೇ ಊರಿನಲ್ಲಿ, ರಾಜ್ಯ ಸರ್ಕಾರಕ್ಕಾಗಿ ಒಂದು ಸಮೀಕ್ಷೆ ನಡೆಯಿತು. ಮಾತನಾಡಿಸಿದ 50 ಸ್ತ್ರೀರೋಗ ತಜ್ಞರಲ್ಲಿ 42 ಮಂದಿ ಗರ್ಭದ ನೀರು ತೆಗೆದು ಮಗು ಗಂಡೋ ಹೆಣ್ಣೋ ಅಂತ ಪರೀಕ್ಷೆ ಮಾಡುತ್ತಿದ್ದರು.

ಈ ನೀರಿನ ಪರೀಕ್ಷೆ ನಮ್ಮ ದೇಶಕ್ಕೆ ಬಂದದ್ದು ಹೆಣ್ಣು ಮಗುವನ್ನು ಹುಡುಕುವುದಕ್ಕಲ್ಲ. 1970ರ ದಶಕದ ನಡುವೆ ದೆಹಲಿಯ ಏಮ್ಸ್‌ನಲ್ಲಿ ಅದು ಶುರುವಾದದ್ದು ಭ್ರೂಣದ ಆನುವಂಶಿಕ ಕಾಯಿಲೆ ಪತ್ತೆಗೆ. ಬಂದವರು ಕೇಳಿದ್ದು ಮಾತ್ರ ಬೇರೆಯದನ್ನೇ. ಸರ್ಕಾರಿ ಆಸ್ಪತ್ರೆಗಳಲ್ಲಿ ತಡೆ ಬಿತ್ತು, ಪರೀಕ್ಷೆ ಖಾಸಗಿ ಕ್ಲಿನಿಕ್ಕಿಗೆ ಜಾಗ ಬದಲಿಸಿತು. ಈಗ ಕೆಲವು ನೂರು ರೂಪಾಯಿ ಖರ್ಚು ಮಾಡಿದರೆ ಮುಂದೆ ವರದಕ್ಷಿಣೆಯ ಲಕ್ಷ ಉಳಿಯುತ್ತದೆ ಅನ್ನುವ ಧಾಟಿಯ ಜಾಹೀರಾತುಗಳು ರಾಜಾರೋಷವಾಗಿ ಬರುತ್ತಿದ್ದವು.

ಮುಂಬೈನ ಮಹಿಳಾ ಸಂಘಟನೆಗಳು, ಡಾಕ್ಟರುಗಳು, ವಕೀಲರು ಸೇರಿ ವೇದಿಕೆ ಕಟ್ಟಿದರು. ಬೀದಿಗಿಳಿದರು. 1988ರಲ್ಲಿ ಮಹಾರಾಷ್ಟ್ರ ದೇಶದಲ್ಲೇ ಮೊದಲು ಇದಕ್ಕೆ ಕಾನೂನು ಮಾಡಿತು. 1994ರಲ್ಲಿ ಕೇಂದ್ರದ ಕಾಯಿದೆ ಬಂತು. ಕಾಯಿದೆ ಕಾಗದದಲ್ಲೇ ಉಳಿದಾಗ ಸೆಹತ್ ಮತ್ತು ಪುಣೆಯ ಮಾಸೂಮ್ ಎಂಬ ಸಂಸ್ಥೆಗಳು, ಡಾ. ಸಾಬು ಜಾರ್ಜ್ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋದವು. 2003ರ ತಿದ್ದುಪಡಿ ಗರ್ಭಕ್ಕೆ ಮೊದಲಿನ ಹಂತವನ್ನೂ, ಅಂದರೆ ಐವಿಎಫ್ ಭ್ರೂಣವನ್ನೂ, ಹಿಡಿತಕ್ಕೆ ತಂದಿತು.

ಇಷ್ಟೆಲ್ಲ ಆದರೂ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳ ಸಂಖ್ಯೆ 1991ರಲ್ಲಿ 946 ಇದ್ದದ್ದು 2001ಕ್ಕೆ 913, 2011ಕ್ಕೆ 894 ಆಯಿತು. ಕರ್ನಾಟಕದಲ್ಲಿ 2011ರಲ್ಲಿ 948. ಕಾನೂನು ಬರುವ ಹೊತ್ತಿಗೆ ಆಸೆ ಮತ್ತು ವ್ಯಾಪಾರ ಕೈ ಹಿಡಿದು ಬಹಳ ದೂರ ಹೋಗಿದ್ದವು.

ಸರ್ಕಾರದ ಬಲವಂತ, ಅಂಗಡಿಯ ಆಯ್ಕೆ

ಅಂಕ ಬೇಕು ಅನ್ನುವವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅವರ ಪ್ರಕಾರ ಇದು ಅಪ್ಪ ಅಮ್ಮನ ಹಕ್ಕು. ಹೇಗೂ ಐದು ಭ್ರೂಣ ಇವೆ, ಒಂದನ್ನು ಆರಿಸಲೇಬೇಕು. ಕಣ್ಣು ಮುಚ್ಚಿ ಆರಿಸುವ ಬದಲು ಸ್ವಲ್ಪ ತಿಳಿದು ಆರಿಸಿದರೆ ತಪ್ಪೇನು? ಮನೆಯಲ್ಲಿ ಮೂರು ತಲೆಮಾರಿಗೆ ಹೃದಯದ ಕಾಯಿಲೆ ಇದ್ದವರಿಗೆ ಕೊಂಚ ಲಾಭವೂ ಲಾಭವೇ. ತತ್ವಶಾಸ್ತ್ರಜ್ಞ ಜೂಲಿಯನ್ ಸವುಲೆಸ್ಕು 2001ರಲ್ಲೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೆನ್ನಾಗಿ ಬಾಳಬಲ್ಲ ಮಗುವನ್ನು ಆರಿಸುವುದು ತಂದೆ ತಾಯಿಯ ನೈತಿಕ ಕರ್ತವ್ಯ ಎಂದು ವಾದಿಸಿದರು.

ಎದುರು ಬದಿಯಲ್ಲಿ ಯುರೋಪಿನ ಮಾನವ ತಳಿವಿಜ್ಞಾನ ಸಂಘ ಇದನ್ನು ಸಾಬೀತಾಗದ, ನೈತಿಕವಲ್ಲದ ಪದ್ಧತಿ ಎಂದಿದೆ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘವೂ ಚಿಕಿತ್ಸೆಯಲ್ಲಿ ಇದನ್ನು ಬಳಸುವ ಹೊತ್ತು ಬಂದಿಲ್ಲ ಅಂದಿದೆ. ಅಂಗವಿಕಲರ ಹಕ್ಕಿನ ಪರ ಇರುವವರ ಆತಂಕ ಬೇರೆ: ಆರಿಸಿ ಹುಟ್ಟಿಸುವುದು ರೂಢಿಯಾದ ಮೇಲೆ, ಹಾಗೆ ಹುಟ್ಟದ ಮಗುವಿನ ಕಷ್ಟಕ್ಕೆ ‘ನೀವೇ ಯಾಕೆ ನೋಡಿಕೊಳ್ಳಲಿಲ್ಲ’ ಎಂಬ ಮಾತು ಬರುತ್ತದೆ.

ಈ ಜಗಳದ ಹಳೆಯ ಅಧ್ಯಾಯದಲ್ಲೂ ನಮ್ಮ ಸುತ್ತಿನ ಊರುಗಳಿವೆ. ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸಬೇಕು ಅನ್ನುವ ‘ಸುಸಂತಾನ ಶಾಸ್ತ್ರ’ ಆಗ ಪ್ರಗತಿಪರರಿಗೂ ಇಷ್ಟವಾಗಿತ್ತು. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳುವ ಸೊಲ್ಲಾಪುರದಲ್ಲಿ 1929ರಲ್ಲಿ ಡಾ. ಎ.ಪಿ. ಪಿಳ್ಳೈ ಅದಕ್ಕಾಗಿ ಒಂದು ಸಂಘವನ್ನೇ ಕಟ್ಟಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಹೆಸರಾದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್ನಿನಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದರು. ಗುರು ಯೂಜೆನ್ ಫಿಷರ್, ಮುಂದೆ ನಾಜಿಗಳ ಜನಾಂಗ ನೀತಿಗೆ ಬೆನ್ನೆಲುಬಾದವರಲ್ಲಿ ಒಬ್ಬ. ಬಿಳಿಯರ ಬುದ್ಧಿ ಅವರ ತಲೆಬುರುಡೆಯ ವಾರೆಯಲ್ಲೇ, ಅಂದರೆ ಎರಡು ಬದಿ ಒಂದೇ ಸಮ ಇಲ್ಲದಿರುವುದರಲ್ಲೇ, ಕಾಣುತ್ತದೆ ಅಂತ ಅವನ ನಂಬಿಕೆ. ಕರ್ವೆ 149 ಬುರುಡೆ ಅಳೆದರು. ಜನಾಂಗಕ್ಕೂ ಬುರುಡೆಯ ವಾರೆಗೂ ಸಂಬಂಧ ಕಾಣುವುದಿಲ್ಲ ಅಂತ ಪ್ರಬಂಧದಲ್ಲಿ ಬರೆದುಕೊಟ್ಟರು. ಗುರುವಿನ ಊರಿನಲ್ಲಿ, ಗುರುವಿನ ಎದುರು, ಪರದೇಶಿ ವಿದ್ಯಾರ್ಥಿನಿ ಬರೆದ ಮಾತಿದು. ಸಣ್ಣ ಧೈರ್ಯ ಅಲ್ಲ.

ಇವತ್ತಿನ ಕಂಪನಿಗಳು ಹೇಳುವುದು, ಆಗ ಸರ್ಕಾರ ಬಲವಂತ ಮಾಡಿತ್ತು, ಈಗ ಜನ ತಾವಾಗಿಯೇ ಆರಿಸುತ್ತಾರೆ, ಎರಡಕ್ಕೂ ಹೋಲಿಕೆ ಇಲ್ಲ ಅಂತ. ಜರ್ಮನಿಗೆ ಹೋಲಿಸಿದರೆ ಆ ಮಾತು ನಿಜ. ಮುಂಬೈಗೆ ಹೋಲಿಸಿದರೆ ಅಲ್ಲ. ಇಲ್ಲಿ 1986ರಲ್ಲಿ ಯಾವ ಸರ್ಕಾರವೂ ಹೆಣ್ಣು ಭ್ರೂಣ ತೆಗೆಸಿ ಅಂದಿರಲಿಲ್ಲ. ಎಲ್ಲವೂ ‘ಆಯ್ಕೆ’ಯೇ. ಒಂದೊಂದು ಮನೆ ಒಂದೊಂದು ಸಲ ಆರಿಸಿತು, ಜನಗಣತಿಯಲ್ಲಿ ಮೊತ್ತ ಕಂಡಿತು. ಎರಡು ಹೆಣ್ಣು ಮಕ್ಕಳಾದ ಮೇಲೆ ಗಂಡು ಆರಿಸಲು ಬಿಡಿ ಅಂತ ದಂಪತಿಯೊಬ್ಬರು ಇದೇ ಹಕ್ಕಿನ ವಾದ ಹಿಡಿದು ಬಾಂಬೆ ಹೈಕೋರ್ಟಿಗೆ ಹೋಗಿದ್ದರು. 2007ರಲ್ಲಿ ಕೋರ್ಟು ಒಪ್ಪಲಿಲ್ಲ.

ಗರ್ಭಸಂಸ್ಕಾರದ ಕ್ಲಾಸುಗಳು ಪುಣೆಯಲ್ಲಿ ತುಂಬಿ ತುಳುಕುವುದನ್ನು ನೋಡಿದರೆ, ‘ಒಳ್ಳೆಯ ಮಗು’ವಿನ ಆಸೆಗೆ ಹೊಸದಾಗಿ ಮಾರುಕಟ್ಟೆ ಕಟ್ಟುವ ಕಷ್ಟವೂ ಇಲ್ಲಿಲ್ಲ.

ಕಾಯಿದೆ ಎಲ್ಲಿ ನಿಲ್ಲುತ್ತದೆ

2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆ ಭ್ರೂಣದ ಜೀನ್ ಪರೀಕ್ಷೆಯನ್ನು ನಿಷೇಧಿಸಿಲ್ಲ. ಅದರ 25ನೇ ಸೆಕ್ಷನ್ ಪ್ರಕಾರ, ಈಗಾಗಲೇ ಗೊತ್ತಿರುವ, ವಂಶದಲ್ಲಿ ಇಳಿದುಬರುವ ಅಥವಾ ಜೀನಿನಿಂದ ಬರುವ ಕಾಯಿಲೆ ಹುಡುಕಲು ಪರೀಕ್ಷೆ ಮಾಡಬಹುದು. ಥಲಸ್ಸೀಮಿಯಾ ಇದರೊಳಗೆ ಸಲೀಸಾಗಿ ಬರುತ್ತದೆ. ಎತ್ತರ, ಬುದ್ಧಿ ಕಾಯಿಲೆಗಳೇ ಅಲ್ಲ, ಹಾಗಾಗಿ ಹೊರಗೆ. ಗಂಡು ಹೆಣ್ಣು ಆರಿಸಿಕೊಡುತ್ತೇವೆ ಅಂತ ಜಾಹೀರಾತು ಹಾಕಿದರೆ ಐದರಿಂದ ಹತ್ತು ವರ್ಷ ಜೈಲು, ಅಥವಾ ದಂಡ, ಇಲ್ಲವೇ ಎರಡೂ ಅಂತಲೂ ಕಾಯಿದೆ ಹೇಳುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯಾಘಾತ? ಕಾಯಿಲೆ ಹೌದು, ವಂಶದಲ್ಲಿ ಬರುವುದೂ ಹೌದು. ಆದರೆ ಅಂಕ ಕೊಡುವುದು ಕಾಯಿಲೆಯನ್ನಲ್ಲ, ಸಂಭವವನ್ನು. ಬಿರುಕು ಇರುವುದು ಇಲ್ಲಿ.

ಇನ್ನೊಂದು ದಾರಿ ಬ್ರಿಟನ್ನಿನಲ್ಲಿ ಈಗಾಗಲೇ ತೆರೆದಿದೆ. ಅಲ್ಲೂ ಕ್ಲಿನಿಕ್ಕು ಅಂಕ ಕೊಡುವ ಹಾಗಿಲ್ಲ. ಕೆಲವು ದಂಪತಿಗಳು ಮಾಹಿತಿ ಸಂರಕ್ಷಣೆಯ ಕಾನೂನು ಹಿಡಿದು ತಮ್ಮ ಭ್ರೂಣಗಳ ಕಚ್ಚಾ ಡಿಎನ್‌ಎ ಫೈಲು ಕೇಳಿ ತೆಗೆದುಕೊಂಡು, ಅಮೆರಿಕದ ಕಂಪನಿಗೆ ಕಳಿಸಿ ಅಂಕ ತರಿಸಿಕೊಂಡಿದ್ದಾರೆ. ಮುಂಬೈನಲ್ಲಿ ಇದು ನಡೆಯುತ್ತಾ? ನಮ್ಮ ಕಾಯಿದೆಯ 29ನೇ ಸೆಕ್ಷನ್ ಭ್ರೂಣವನ್ನಷ್ಟೇ ಅಲ್ಲ, ಅದಕ್ಕೆ ಸಂಬಂಧಿಸಿದ ಮಾಹಿತಿಯನ್ನು ಹೊರಗಿನವರಿಗೆ ಕೊಡುವುದನ್ನೂ ಅಪರಾಧ ಎನ್ನುತ್ತದೆ. ಜೊತೆಗೆ ಆ ಫೈಲಿನಲ್ಲಿ ಎಕ್ಸ್, ವೈ ಕ್ರೋಮೋಸೋಮುಗಳೂ ಇರುತ್ತವೆ. ಅಂದರೆ ಫೈಲು ಕೊಡುವುದು ಎಂದರೆ ಗಂಡೋ ಹೆಣ್ಣೋ ಎಂದು ಹೇಳಿಕೊಟ್ಟ ಹಾಗೆ. ಅದು ಪಿಸಿಪಿಎನ್‌ಡಿಟಿ ಕಾಯಿದೆಗೆ, ಅಂದರೆ ಲಿಂಗ ಪತ್ತೆ ತಡೆಯುವ 1994ರ ಆ ಕೇಂದ್ರ ಕಾಯಿದೆಗೆ, ನೇರ ವಿರುದ್ಧ. ಹೆಣ್ಣು ಮಕ್ಕಳಿಗಾಗಿ ಮಾಡಿದ ಕಾನೂನೇ ಇಲ್ಲಿ ಅಂಕಪಟ್ಟಿಗೂ ಬೇಲಿಯಾಗಿದೆ. ಬೇಲಿ ಗಟ್ಟಿಯೇ, ಆದರೆ ಸೋನೋಗ್ರಫಿ ಮಷೀನನ್ನು ಸೀಲ್ ಮಾಡಿದ ಹಾಗೆ ಇಮೇಲಿಗೆ ಸೀಲ್ ಒತ್ತಲು ಆಗುವುದಿಲ್ಲ.

ಮುಂದೆ ಏನಾಗಬಹುದು

ಮೊದಲ ಹೊರೆ ಹೆಂಗಸರ ಮೇಲೆ. ಅಂಕ ಚೆನ್ನಾಗಿ ಬರಬೇಕೆಂದರೆ ಭ್ರೂಣ ಜಾಸ್ತಿ ಬೇಕು. ಭ್ರೂಣ ಜಾಸ್ತಿ ಬೇಕೆಂದರೆ ಇಂಜೆಕ್ಷನ್ನುಗಳ ಇನ್ನೊಂದು ಸುತ್ತು, ಅಂಡಾಣು ತೆಗೆಯಲು ಇನ್ನೊಮ್ಮೆ ಅರಿವಳಿಕೆ, ಲಕ್ಷಗಟ್ಟಲೆ ಖರ್ಚು. ಗರ್ಭ ಕಟ್ಟಬಲ್ಲ ಒಳ್ಳೆಯ ಭ್ರೂಣವನ್ನೇ ಅಂಕ ಕಡಿಮೆ ಅಂತ ಬದಿಗಿಡುವ ಅಪಾಯವೂ ಇದೆ.

ಎರಡನೆಯದು ಮದುವೆ ಮಾರುಕಟ್ಟೆ. ಥಲಸ್ಸೀಮಿಯಾದ ಹಾಗೆಯೇ ಒಂದು ಜೀನಿನ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆ ತಡೆಯುವ ರಾಷ್ಟ್ರೀಯ ಅಭಿಯಾನ 2023ರ ಜುಲೈಯಲ್ಲಿ ಶುರುವಾಯಿತು. ನಂದುರ್ಬಾರ್, ಗಡ್ಚಿರೋಲಿಯಂಥ ಆದಿವಾಸಿ ಜಿಲ್ಲೆಗಳಿಗೆ ಇದು ಬೇಕಾಗಿದ್ದ ಕೆಲಸ. ಪರೀಕ್ಷೆಯ ಫಲಿತಾಂಶವನ್ನು ಕಾರ್ಡಿನಲ್ಲಿ ಬರೆದು ಕೊಡುತ್ತಾರೆ. ವಾಹಕರಿಗೆ ಕಾಯಿಲೆ ಇಲ್ಲ. ಆದರೂ ಸಂಬಂಧ ನೋಡಲು ಬಂದವರ ಕೈಗೆ ಆ ಕಾರ್ಡು ಸಿಕ್ಕರೆ ಹುಡುಗಿಗೆ ಕಾಯಿಲೆಯವಳು ಅನ್ನುವ ಹೆಸರು ಬೀಳುವುದು ಸುಲಭ. ಸರಿಯಾದ ಪರೀಕ್ಷೆಯ ಕಥೆಯೇ ಹೀಗಾದರೆ, ಊಹೆಯ ಅಂಕ ಜಾತಕದ ಪಕ್ಕದಲ್ಲಿ ಬಂದು ಕೂತಾಗ ಏನಾಗಬಹುದು ಎಂದು ಯೋಚಿಸಿ.

ವಿಮೆಯ ವಿಷಯದಲ್ಲಿ ಸ್ವಲ್ಪ ನೆಮ್ಮದಿ ಇದೆ. ಜೀನಿನ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಆದರೆ 2023ರ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯಿದೆಯಲ್ಲಿ ಜೀನಿನ ಮಾಹಿತಿಗೆ ಬೇರೆ ಸ್ಥಾನ ಇಲ್ಲ. ಫೋನ್ ನಂಬರಿಗೆ ಇರುವ ಕಾವಲೇ ಡಿಎನ್‌ಎಗೂ.

ಗಮನ ಇಡಬೇಕಾದ್ದು 25ನೇ ಸೆಕ್ಷನ್ನಿನ ಬಾಲದ ಮೇಲೆ. ಅಲ್ಲಿ, ಕಾಯಿಲೆಗಳ ಮಾತು ಮುಗಿದ ಮೇಲೆ, ‘ಅಥವಾ ನೋಂದಣಿ ಪ್ರಾಧಿಕಾರ ಸೂಚಿಸಿದಂತೆ’ ಎಂಬ ಅರ್ಥದ ಸಣ್ಣ ಮಾತೊಂದಿದೆ. ಸಂಸತ್ತಿನಲ್ಲಿ ಚರ್ಚೆ ಇಲ್ಲದೆ, ಒಂದು ಸೂಚನೆಯಲ್ಲೇ ಪಟ್ಟಿ ಉದ್ದ ಆಗಬಹುದಾದ ಜಾಗ ಅದು. ಎತ್ತರದ ಹೆಸರಿನಲ್ಲಿ, ಬುದ್ಧಿಯ ಹೆಸರಿನಲ್ಲಿ ಅಲ್ಲಿಗೆ ಯಾರೂ ಅರ್ಜಿ ಹಾಕುವುದಿಲ್ಲ. ಏಮ್ಸ್‌ಗೆ ನೀರಿನ ಪರೀಕ್ಷೆ ಬಂದ ಹಾಗೆ, ಇದೂ ಕಾಯಿಲೆಯ ಬಾಗಿಲಿನಿಂದಲೇ ಬರುತ್ತದೆ. ಮೊದಲ ಅರ್ಜಿ ಸಕ್ಕರೆ ಕಾಯಿಲೆಯದ್ದಾಗಿರುತ್ತದೆ.